ಓದು ಬಾರದವರ ಮತಕ್ಕೂ ಓದಿದವರ ಮತಕ್ಕೂ ಒಂದೇ ತೂಕ ಇರಬೇಕೆ?

ಪ್ರಶ್ನೆ: ಮಾನ್ವಿಯ ಪದವೀಧರ

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯವನು. ಎಂ.ಎಸ್ಸಿ. ಮುಗಿಸಿ, ಈಗ ರಾಯಚೂರಿನಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಒಂದು ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕೊರೆಯುತ್ತಿದೆ. ಮನೆಯಲ್ಲಿ ಕೇಳಿದರೆ ಜಗಳವಾಗುತ್ತದೆ, ಗೆಳೆಯರಲ್ಲಿ ಕೇಳಿದರೆ ಪಕ್ಷದ ಮಾತಾಗುತ್ತದೆ. ಅದಕ್ಕಾಗಿ ಇಲ್ಲಿ ಕೇಳುತ್ತಿದ್ದೇನೆ.

2024ರ ಮೇ 7ರಂದು ನಮ್ಮ ಭಾಗದಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಮತ ಹಾಕಲೆಂದೇ ನಾನು ಹಿಂದಿನ ದಿನ ಊರಿಗೆ ಹೋಗಿದ್ದೆ. ರಾತ್ರಿ ಊಟ ಮುಗಿದು ಅಂಗಳದಲ್ಲಿ ಹಾಸಿಗೆ ಹಾಸುವ ಹೊತ್ತಿಗೆ ನಮ್ಮ ಓಣಿಯವರೇ ಇಬ್ಬರು ಬಂದರು. ಒಬ್ಬರ ಕೈಯಲ್ಲಿ ಮತದಾರರ ಪಟ್ಟಿಯ ಹಾಳೆ ಇತ್ತು, ಕಿವಿಯ ಮೇಲೆ ಪೆನ್ಸಿಲ್ ಇತ್ತು. ನಮ್ಮ ಮನೆಯ ಹೆಸರುಗಳನ್ನು ಒಂದೊಂದಾಗಿ ಓದಿ, "ಐದು ಓಟು" ಎಂದು ಹೇಳಿ, ನೋಟುಗಳನ್ನು ಎಣಿಸಿ ಅಜ್ಜಿಯ ಕೈಗಿಟ್ಟು, ಹೆಸರುಗಳ ಮುಂದೆ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದರು. ಆ ಐದರಲ್ಲಿ ಒಂದು ನನ್ನದು. ಅಜ್ಜಿ ಆ ದುಡ್ಡನ್ನು ಎಲೆಯ ಸಂಚಿಯಲ್ಲಿ ಇಟ್ಟುಕೊಂಡು ಮಲಗಿದಳು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಸಾಲಿನಲ್ಲಿ ನಿಂತಾಗ ಬಂದ ಯೋಚನೆಯನ್ನು ಮುಚ್ಚಿಡದೆ ಹೇಳುತ್ತೇನೆ. ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಓದಿ, ಸಂಸತ್ತಿನಲ್ಲಿ ಯಾರು ಏನು ಕೇಳಿದರು ಎಂದು ನೋಡಿ ಬಂದ ನನ್ನ ಮತಕ್ಕೂ, ಹೆಸರು ಬರೆಯಲು ಬಾರದ, ದುಡ್ಡು ಪಡೆದು ಬಂದವರ ಮತಕ್ಕೂ ಒಂದೇ ಬೆಲೆ ಎನ್ನುವುದು ನ್ಯಾಯವೇ? ವಾಹನ ಓಡಿಸಲು ಪರೀಕ್ಷೆ ಇದೆ, ಗುಮಾಸ್ತನಾಗಲು ಪರೀಕ್ಷೆ ಇದೆ, ದೇಶವನ್ನು ಯಾರ ಕೈಗೆ ಕೊಡಬೇಕು ಎಂದು ತೀರ್ಮಾನಿಸಲು ಮಾತ್ರ ಹದಿನೆಂಟು ತುಂಬಿದರೆ ಸಾಕು. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.6, ರಾಜ್ಯದ್ದು ಶೇ. 75.4. ಏಳನೇ ತರಗತಿಯ ಮಟ್ಟದ ಓದು, ಅಥವಾ ಸಂವಿಧಾನದ ಬಗ್ಗೆ ಮೌಖಿಕವಾಗಿ ಕೇಳುವ ನಾಲ್ಕೈದು ಸರಳ ಪ್ರಶ್ನೆಗಳು, ಇಷ್ಟನ್ನಾದರೂ ಅರ್ಹತೆಯಾಗಿ ಇಡಬಾರದೇಕೆ? ವಿಧಾನ ಪರಿಷತ್ತಿಗೆ ಪದವೀಧರರ ಕ್ಷೇತ್ರಗಳಿವೆ. ಅಂದರೆ ಓದಿಗೆ ಮತದಲ್ಲಿ ಒಂದು ಸ್ಥಾನವಿದೆ ಎಂದು ಕಾನೂನೇ ಒಪ್ಪಿದಂತಲ್ಲವೇ? ನಾನು ಯಾವ ಜಾತಿಯನ್ನೂ ಯಾವ ಬಡವರನ್ನೂ ಹೀಗಳೆಯಲು ಬಂದಿಲ್ಲ. ನನ್ನ ಮಾತು ಮೊದಲು ತಟ್ಟುವುದು ನನ್ನ ಅಜ್ಜಿಗೇ. ತಿಳಿದವರು ತಿಳಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ಕುಷ್ಟಗಿ ಮಾಸ್ತರ

ತಮ್ಮಾ, ನಿಮ್ಮ ಸಂಕಟ ನಿಜವಾದದ್ದು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದಿರಲ್ಲ, ಅದನ್ನು ಓದಿ ನನಗೆ ಸಮಾಧಾನವೇ ಆಯಿತು. ಆದರೆ ನೀವು ಕಂಡ ರೋಗಕ್ಕೂ ಹೇಳುತ್ತಿರುವ ಔಷಧಕ್ಕೂ ಸಂಬಂಧವಿಲ್ಲ ಎಂದು ನನಗೆ ತೋರುತ್ತದೆ. ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ.

ನಾನು ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲೇ ನೌಕರಿ ಮುಗಿಸಿದವನು. ಚುನಾವಣೆ ಬಂದಾಗಲೆಲ್ಲ ಮಸ್ಟರಿಂಗ್ ಕೇಂದ್ರದಿಂದ ಯಂತ್ರಗಳ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನಲ್ಲಿ ಹಳ್ಳಿಯ ಶಾಲೆಗೆ ಹೋಗಿ, ಅಲ್ಲೇ ಮಲಗಿ, ನಸುಕಿನಲ್ಲಿ ಅಣಕು ಮತದಾನ ಮಾಡಿಸಿದವನು. ಕೊನೆಯ ಸಲ 2019ರಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿದ್ದೆ. ಅವತ್ತು ಬಂದ ಒಬ್ಬ ಮುದುಕಿಯನ್ನು ನಾನು ಮರೆತಿಲ್ಲ. ಮತದಾರರ ಸಹಿ ಇಲ್ಲವೇ ಹೆಬ್ಬೆಟ್ಟು ಪಡೆಯುವ 17ಎ ವಹಿಯಲ್ಲಿ ಹೆಬ್ಬೆಟ್ಟು ಒತ್ತಿಸುವಾಗ ಶಾಯಿ ಸರಿಯಾಗಿ ಮೂಡಲಿಲ್ಲ. ಹತ್ತಿ ಬಿಡಿಸಿ, ಕಳೆ ಕಿತ್ತು ಆಕೆಯ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಎರಡನೆಯ ಸಲ ಒತ್ತಿಸಿದೆವು. ಆಮೇಲೆ ರಟ್ಟಿನ ಮರೆಯ ಹಿಂದೆ ಹೋದ ಆಕೆ ಗುಂಡಿ ಒತ್ತಿದ್ದು ಗೊತ್ತಾಯಿತು, ಆದರೆ ಆಕೆ ಹೊರಗೆ ಬರಲಿಲ್ಲ. ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನೊಳಗೆ ಚೀಟಿ ಏಳು ಸೆಕೆಂಡು ನಿಂತು ಆಮೇಲೆ ಕತ್ತರಿಸಿ ಕೆಳಗೆ ಬೀಳುತ್ತದೆ. ನಮ್ಮ ಸಿಬ್ಬಂದಿಯಲ್ಲಿ ಮತ ಹಾಕಿದವರೂ ಅಷ್ಟು ಹೊತ್ತು ನಿಂತು ನೋಡಿದ್ದನ್ನು ನಾನು ಕಂಡಿಲ್ಲ. ಆಕೆ ಚೀಟಿ ಬೀಳುವ ತನಕ ಬಾಗಿ ನೋಡಿ ಹೊರಗೆ ಬಂದು, "ನಾ ಒತ್ತಿದ ಗುರ್ತನ ಬಂತ್ರಿ, ಬಿತ್ತ್ರಿ, ಇನ್ನ ಹೋಗ್ಲ್ಯಾ?" ಎಂದು ನನ್ನನ್ನು ಕೇಳಿದಳು. ಅಕ್ಷರ ಬಾರದ ಆಕೆ ತನ್ನ ಮತವನ್ನು ಕಾದಷ್ಟು ಜೋಪಾನವಾಗಿ ನಾನು ನನ್ನದನ್ನು ಕಾದಿದ್ದೇನೆಯೇ ಎಂದು ಅವತ್ತು ನನ್ನನ್ನೇ ಕೇಳಿಕೊಂಡೆ.

ಇನ್ನು ನೀವು ಕೊಟ್ಟ ಅಂಕಿ. ರಾಯಚೂರು ಜಿಲ್ಲೆಯ ಆ ಶೇ. 59.6ನ್ನು ಬಿಡಿಸಿ ನೋಡಿ. ಅದೇ ಜನಗಣತಿಯಲ್ಲಿ ಹೆಂಗಸರ ಸಾಕ್ಷರತೆ ಶೇ. 48.7. ಬರೀ ಓದು ಬರಹ ಬರಬೇಕು ಎಂದಿಟ್ಟರೂ ಅರ್ಧಕ್ಕಿಂತ ಹೆಚ್ಚು ಹೆಂಗಸರು ಪಟ್ಟಿಯಿಂದ ಹೊರಗೆ ಬೀಳುತ್ತಾರೆ. ನೀವು ಹೇಳುವ ಏಳನೇ ತರಗತಿ ಎಂದಿಟ್ಟರೆ ಎಷ್ಟು ಜನ ಉಳಿದಾರು, ನೀವೇ ಯೋಚಿಸಿ. ಅವರು ಓದದೆ ಉಳಿದದ್ದು ಅವರ ತಪ್ಪೇ? ನನ್ನ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಎಷ್ಟೋ ಹುಡುಗಿಯರು ಮೆಣಸಿನಕಾಯಿ ಬಿಡಿಸುವ ಹಂಗಾಮು ಬಂತೆಂದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಂದರೂ ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಹೊತ್ತು ಬರುತ್ತಿದ್ದರು. ನಾನು ಮನೆಗೆ ಹೋಗಿ ಕರೆದರೆ, "ಕೂಲಿ ತಪ್ಪಿದ್ರ ಸಂತಿ ಹೆಂಗ್ರಿ ಮಾಸ್ತರ" ಎನ್ನುತ್ತಿದ್ದರು. ಹತ್ತಿರದಲ್ಲಿ ಶಾಲೆ ಇಲ್ಲದ ಊರಿನ ಹುಡುಗಿ ಓದನ್ನು ಅರ್ಧಕ್ಕೇ ಬಿಟ್ಟಳು. ಶಾಲೆ ಕಟ್ಟಿಸದ ಸರ್ಕಾರವೇ ನಾಳೆ ಬಂದು, ನಿನಗೆ ಓದು ಬಾರದು, ಆದ್ದರಿಂದ ಶಾಲೆ ಕಟ್ಟಿಸುವವರನ್ನು ಆರಿಸುವ ಹಕ್ಕೂ ನಿನಗಿಲ್ಲ ಎಂದರೆ ಆ ಹುಡುಗಿ ಯಾರ ಬಾಗಿಲಿಗೆ ಹೋಗಬೇಕು?

ಮತ ಎನ್ನುವುದು ತಿಳಿವಳಿಕೆಗೆ ಕೊಡುವ ಬಹುಮಾನವಲ್ಲ. ಕಾನೂನು ಯಾರ ಮೇಲೆ ಬೀಳುತ್ತದೆಯೋ ಅವರಿಗೆಲ್ಲ ಆ ಕಾನೂನು ಮಾಡುವವರನ್ನು ಆರಿಸುವ ಅಧಿಕಾರವಿರಬೇಕು, ವಿಷಯ ಇಷ್ಟೇ. ಪಡಿತರದ ಅಕ್ಕಿ ಬರಲಿಲ್ಲವೆಂದರೆ, ಉದ್ಯೋಗ ಖಾತ್ರಿಯ ಕೂಲಿ ಮೂರು ತಿಂಗಳು ನಿಂತಿತೆಂದರೆ, ಕಾಲುವೆಗೆ ನೀರು ಬಿಡುವುದು ತಡವಾಯಿತೆಂದರೆ ಅದರ ಪೆಟ್ಟು ನಿಮಗೂ ನನಗೂ ಬೀಳುವುದಕ್ಕಿಂತ ಮೊದಲು ನಿಮ್ಮ ಅಜ್ಜಿಯಂಥವರಿಗೆ ಬೀಳುತ್ತದೆ. ಸರ್ಕಾರ ಹೇಗೆ ನಡೆಯುತ್ತಿದೆ ಎನ್ನುವುದು ಅವರಿಗೆ ಪತ್ರಿಕೆ ಓದದೆಯೂ ಗೊತ್ತಿರುತ್ತದೆ.

ಇತಿಹಾಸವನ್ನೂ ಒಂದಿಷ್ಟು ನೆನೆಯಬೇಕು. ನಿಮ್ಮ ರಾಯಚೂರು, ನಮ್ಮ ಕೊಪ್ಪಳ ಎರಡೂ ನಿಜಾಮರ ಸೀಮೆ. 1948ರ ಸೆಪ್ಟೆಂಬರ್ ತನಕ ಇಲ್ಲಿಯ ಜನ ಪ್ರಜೆಗಳೇ ಹೊರತು ನಾಗರಿಕರಾಗಿರಲಿಲ್ಲ. ಮೂರೇ ವರ್ಷ ಕಳೆದು ದೇಶದ ಮೊದಲ ಮಹಾಚುನಾವಣೆ ಬಂತು. 1951ರ ಜನಗಣತಿಯಲ್ಲಿ ಇಡೀ ದೇಶದ ಸಾಕ್ಷರತೆಯೇ ನೂರಕ್ಕೆ ಹದಿನೆಂಟರಷ್ಟಿತ್ತು. ಮತದಾರರು ಹದಿನೇಳು ಕೋಟಿಗೂ ಹೆಚ್ಚು. ಇಂಥವರ ಕೈಗೆ ಮತ ಕೊಡುವುದು ಹುಚ್ಚು ಸಾಹಸ ಎಂದು ಅಂದೂ ಅನೇಕರು ಅಂದಿದ್ದರು. ಆ 1952ರ ಚುನಾವಣೆಯಲ್ಲಿ, ದೇಶದ ತುಂಬ ಕಾಂಗ್ರೆಸ್ಸಿನ ಅಲೆ ಇದ್ದಾಗ, ಕುಷ್ಟಗಿ ಲೋಕಸಭಾ ಕ್ಷೇತ್ರದ ಜನ ಪಕ್ಷೇತರರಾಗಿ ನಿಂತ ಅಳವಂಡಿಯ ಶಿವಮೂರ್ತಿಸ್ವಾಮಿಯವರನ್ನು ಆರಿಸಿದರು. ನಿಜಾಮರ ಆಡಳಿತದ ವಿರುದ್ಧ ಹೋರಾಡಿದವರು ಯಾರು ಎನ್ನುವುದನ್ನು ತಿಳಿಯಲು ಆ ಮತದಾರರಿಗೆ ಅಕ್ಷರ ಬೇಕಾಗಲಿಲ್ಲ.

ಪದವೀಧರರ ಕ್ಷೇತ್ರದ ಮಾತು ಎತ್ತಿದ್ದೀರಿ. ನಮ್ಮದು ಈಶಾನ್ಯ ಪದವೀಧರರ ಕ್ಷೇತ್ರ, ಬೀದರಿನಿಂದ ಬಳ್ಳಾರಿಯ ತನಕ ಹರಡಿದೆ. ಅಲ್ಲಿ ಮತ ಹಾಕುವವರೆಲ್ಲ ಪದವಿ ಪಡೆದವರು. ಅಭ್ಯರ್ಥಿಯ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು, ಅಷ್ಟೇ ಕೆಲಸ. ಆದರೂ ಎಣಿಕೆಯ ದಿನ ಸಾವಿರಗಟ್ಟಲೆ ಮತಗಳು ಅಸಿಂಧುವಾದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಓದಿದವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಪದವಿಯೊಂದೇ ಮತವನ್ನು ಕಾಯುವುದಿಲ್ಲ ಎಂಬುದಕ್ಕಾಗಿ ಹೇಳಿದೆ.

ಕೊನೆಯದಾಗಿ ಒಂದು. ಆ ರಾತ್ರಿ ನಿಮ್ಮ ಅಂಗಳಕ್ಕೆ ಬಂದ ಇಬ್ಬರಿಗೂ ಓದು ಬರುತ್ತಿತ್ತು. ಪಟ್ಟಿ ಓದಿದರು, ಎಣಿಸಿದರು, ಗುರುತು ಹಾಕಿದರು. ಅವರ ಕೈಗೆ ಆ ದುಡ್ಡು ಕೊಟ್ಟು ಕಳಿಸಿದವರಿಗೆ ಇನ್ನೂ ಹೆಚ್ಚು ಓದು ಬರುತ್ತಿದ್ದಿರಬೇಕು. ನಿಮ್ಮ ಪರೀಕ್ಷೆಯಲ್ಲಿ ಅವರೆಲ್ಲ ಪಾಸಾಗುತ್ತಾರೆ, ನಿಮ್ಮ ಅಜ್ಜಿ ನಪಾಸಾಗುತ್ತಾಳೆ.

ಉತ್ತರ: ಬಳ್ಳಾರಿ ಕೋಟೆಯ ಕೆಳಗಿನ ವಕೀಲ

ಮಾಸ್ತರರ ಮಾತಿಗೆ ನನ್ನ ಸಹಮತವಿದೆ. ಕಾನೂನಿನಲ್ಲಿ ಏನಿದೆ ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಸಂವಿಧಾನದ 326ನೇ ವಿಧಿ ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆಗೆ ವಯಸ್ಕ ಮತದಾನವನ್ನೇ ಆಧಾರವಾಗಿ ಇಟ್ಟಿದೆ. ಅಲ್ಲಿದ್ದ 21 ವರ್ಷದ ಮಿತಿಯನ್ನು 61ನೇ ತಿದ್ದುಪಡಿಯು 18ಕ್ಕೆ ಇಳಿಸಿತು, ಅದು ಜಾರಿಗೆ ಬಂದದ್ದು 1989ರಲ್ಲಿ. 325ನೇ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗಗಳ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ಹೊರಗಿಡಬಾರದು ಎನ್ನುತ್ತದೆ. ಹೊರಗಿಡಲು 326ನೇ ವಿಧಿ ಒಪ್ಪುವ ಕಾರಣಗಳು ಕೆಲವೇ: ವಾಸವಿಲ್ಲದಿರುವುದು, ಬುದ್ಧಿಸ್ವಾಸ್ಥ್ಯವಿಲ್ಲದಿರುವುದು, ಅಪರಾಧ, ಭ್ರಷ್ಟ ಅಥವಾ ಕಾನೂನುಬಾಹಿರ ಆಚರಣೆ. ಬುದ್ಧಿಸ್ವಾಸ್ಥ್ಯದ ವಿಷಯದಲ್ಲಿಯೂ ಸಕ್ಷಮ ನ್ಯಾಯಾಲಯ ಹಾಗೆಂದು ಘೋಷಿಸಿರಬೇಕೆಂದು 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಮನೆಯವರಾಗಲಿ ಊರಿನವರಾಗಲಿ ಹೇಳಿದರೆ ಸಾಲದು. ಅನಕ್ಷರತೆ ಈ ಕಾರಣಗಳಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ತಾವು ಕೇಳುವ ಅರ್ಹತೆಯನ್ನು ಸಾಮಾನ್ಯ ಕಾಯ್ದೆಯಿಂದ ತರಲಾಗದು, ಸಂವಿಧಾನವನ್ನೇ ಮುಟ್ಟಬೇಕಾಗುತ್ತದೆ.

ಅಂಥ ಅರ್ಹತೆ ಈ ನೆಲದಲ್ಲಿ ಒಮ್ಮೆ ಇತ್ತು ಎನ್ನುವುದನ್ನು ಮರೆಯಬಾರದು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ಮುನ್ನ ಮದ್ರಾಸಿನ ಆಡಳಿತದಲ್ಲಿತ್ತು. ಹೆಂಗಸರಿಗೂ ಮತ ಕೊಡಬೇಕೆಂದು ಬ್ರಿಟಿಷ್ ಭಾರತದ ಪ್ರಾಂತಗಳಲ್ಲಿ ಮೊದಲು ಒಪ್ಪಿದ್ದು ಮದ್ರಾಸು, 1921ರಲ್ಲಿ. ಹೆಮ್ಮೆ ಪಡಬೇಕಾದ ಸಂಗತಿಯೇ ಸರಿ. ಆದರೆ ಮತ ಸಿಕ್ಕಿದ್ದು ಆಸ್ತಿ ಮತ್ತು ತೆರಿಗೆಯ ಅರ್ಹತೆ ಇದ್ದವರಿಗೆ ಮಾತ್ರ. 1935ರ ಭಾರತ ಸರ್ಕಾರ ಕಾಯ್ದೆಯ ಕಾಲದಲ್ಲಿಯೂ ಆಸ್ತಿ, ತೆರಿಗೆ, ಓದುಗಳ ಜರಡಿ ಉಳಿಯಿತು. ಆ ಜರಡಿಯಲ್ಲಿ ಉಳಿದವರು ಯಾರು ಎಂದು ಕೇಳಿದರೆ, ಜಮೀನಿದ್ದವರು, ವ್ಯಾಪಾರವಿದ್ದವರು, ಓದಿದ ಗಂಡಸರು. ಡಾ. ಬಿ.ಆರ್. ಅಂಬೇಡ್ಕರ್ ಅವರು 1928ರಲ್ಲಿ ಆಡಳಿತ ಸುಧಾರಣೆಯ ಪರಿಶೀಲನೆಗೆ ಬ್ರಿಟಿಷರು ಕಳಿಸಿದ ಸೈಮನ್ ಆಯೋಗದ ಮುಂದೆ ವಯಸ್ಕ ಮತದಾನವನ್ನೇ ಕೇಳಿದ್ದು ಸುಮ್ಮನೆ ಅಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಓದು ಬರಹದ ಪರೀಕ್ಷೆಯನ್ನು ಕರಿಯ ಜನರನ್ನು ಮತಗಟ್ಟೆಯಿಂದ ದೂರವಿಡಲು ದಶಕಗಳ ಕಾಲ ಬಳಸಿದರು. ಅದನ್ನು ತಡೆಯಲು 1965ರ ಮತದಾನ ಹಕ್ಕುಗಳ ಕಾಯ್ದೆ ಬರಬೇಕಾಯಿತು. ಪರೀಕ್ಷೆ ಎಂದ ಮೇಲೆ ಪರೀಕ್ಷಕರು ಇರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಆ ಮೌಖಿಕ ಪ್ರಶ್ನೆಗಳನ್ನು ಯಾರು ಯಾರಿಗೆ ಕೇಳುತ್ತಾರೆ, ಯಾರ ಉತ್ತರ ಸರಿ ಎನ್ನುತ್ತಾರೆ ಎಂಬುದನ್ನು ತಾವೇ ಊಹಿಸಬಹುದು.

ಪದವೀಧರರ ಕ್ಷೇತ್ರ ಬಂದಿರುವುದು 171ನೇ ವಿಧಿಯಿಂದ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರವು, ಏಳು ಶಿಕ್ಷಕರವು. ಆ ಕ್ಷೇತ್ರದಿಂದ ನಿಲ್ಲುವವರು ಪದವೀಧರರೇ ಆಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟು 1972ರಲ್ಲೇ ಹೇಳಿದೆ. ಸರ್ಕಾರವನ್ನು ಉಳಿಸುವ, ಬೀಳಿಸುವ ಅಧಿಕಾರವಿರುವುದು ವಿಧಾನಸಭೆಗೆ, ಅಲ್ಲಿ ಎಲ್ಲರ ಮತವೂ ಒಂದೇ.

ಈಗ ದುಡ್ಡಿನ ಮಾತು. ದುಡ್ಡು ಕೊಡುವುದೂ ಅಪರಾಧ, ಪಡೆಯುವುದೂ ಅಪರಾಧ. 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 11ಎ ಕಲಂ ಪ್ರಕಾರ ಚುನಾವಣಾ ಲಂಚದ ಅಪರಾಧ ರುಜುವಾತಾಗಿ ಶಿಕ್ಷೆಯಾದವರು ಆರು ವರ್ಷ ಮತ ಹಾಕುವಂತಿಲ್ಲ. ಅಂದರೆ ಮತ ಮಾರುವವರನ್ನೂ ಕೊಳ್ಳುವವರನ್ನೂ ಹೊರಗಿಡುವ ದಾರಿ ಕಾನೂನಿನಲ್ಲಿ ಈಗಾಗಲೇ ಇದೆ. ಆದರೆ ಅದು ಒಬ್ಬೊಬ್ಬರ ತಪ್ಪನ್ನು ಸಾಬೀತು ಮಾಡಿ ಹೊರಗಿಡುತ್ತದೆ, ಒಂದು ವರ್ಗವನ್ನೇ ತಪ್ಪಿತಸ್ಥರೆಂದು ಮೊದಲೇ ಎಣಿಸಿ ಅಲ್ಲ.

ತಮ್ಮ ಪ್ರಶ್ನೆಯನ್ನು ನಾನು ಬೇರೆ ಕಡೆಗೆ ತಿರುಗಿಸಬಯಸುತ್ತೇನೆ. ಇಂದು ಮತ ಇಲ್ಲದವರು ಯಾರು? ನನ್ನ ಕೆಲಸದ ನಿಮಿತ್ತ ಬಳ್ಳಾರಿಯ ಕೇಂದ್ರ ಕಾರಾಗೃಹಕ್ಕೆ ಹೋಗಿ ಬರುತ್ತಿರುತ್ತೇನೆ. 1951ರ ಕಾಯ್ದೆಯ 62(5) ಕಲಂ ಪ್ರಕಾರ ಜೈಲಿನಲ್ಲಿರುವವರಾಗಲಿ ಪೊಲೀಸರ ಕಾನೂನುಬದ್ಧ ವಶದಲ್ಲಿರುವವರಾಗಲಿ ಮತ ಹಾಕುವಂತಿಲ್ಲ. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು, ತಪ್ಪು ಸಾಬೀತಾಗದವರು. ಜಾಮೀನಿಗೆ ಭದ್ರತೆ ಒದಗಿಸಬಲ್ಲವನು ಹೊರಗೆ ಬಂದು ಮತ ಹಾಕುತ್ತಾನೆ, ಅದೇ ಆರೋಪದ ಬಡವ ಒಳಗೇ ಉಳಿಯುತ್ತಾನೆ. 2013ರ ತಿದ್ದುಪಡಿಯ ನಂತರ ಒಳಗಿದ್ದವನು ಅಭ್ಯರ್ಥಿಯಾಗಿ ನಿಲ್ಲಬಹುದು, ಮತ ಮಾತ್ರ ಹಾಕುವಂತಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ಈ ನಿಷೇಧವನ್ನು ಎತ್ತಿಹಿಡಿದಿದೆ, ಆ ತೀರ್ಪಿಗೆ ನಾನು ಬದ್ಧ. ಆದರೂ ವಿಚಾರಣಾಧೀನರ ಮಟ್ಟಿಗಾದರೂ ಸಂಸತ್ತು ಈ ಕಲಮನ್ನು ಬದಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ: ಕಾಲುವೆ ಕೊನೆಯ ಊರು

ನಾನು ಸಿಂಧನೂರು ತಾಲ್ಲೂಕಿನ ರೈತ, ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಭಾಗದವನು. ಎಲ್ಲರಿಗೂ ಮತ ಬೇಕೆನ್ನುವುದನ್ನು ಒಪ್ಪುತ್ತೇನೆ. ಆದರೆ ಎಲ್ಲಿ ಎನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಊರಿನಿಂದ ಪ್ರತಿ ವರ್ಷ ಗುಳೆ ಹೋಗುವ ಮನೆಗಳಿವೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತ, ಅಲ್ಲೇ ತಗಡಿನ ಶೆಡ್ಡಿನಲ್ಲಿ ಎಂಟು ತಿಂಗಳು ಇರುತ್ತಾರೆ. ಅವರ ಹೆಸರು ನಮ್ಮ ಪಟ್ಟಿಯಲ್ಲಿದೆ. ಹಿಂದೊಮ್ಮೆ ಪಂಚಾಯತಿ ಚುನಾವಣೆಯಲ್ಲಿ ಊರಲ್ಲಿ ಇಲ್ಲದವರ ಹೆಸರಿನಲ್ಲಿ ಬೇರೆಯವರು ಮತ ಹಾಕಿದ್ದು ನಮಗೆಲ್ಲ ಗೊತ್ತು. ಗ್ರಾಮ ಪಂಚಾಯತಿಯಲ್ಲಿ ಒಂದೆರಡು ಮತಕ್ಕೆ ಸೋಲು ಗೆಲುವು ತೀರ್ಮಾನವಾಗುತ್ತದೆ. ಇಲ್ಲಿ ಇಲ್ಲದವರ ಹೆಸರನ್ನು ಇಲ್ಲಿಯ ಪಟ್ಟಿಯಿಂದ ತೆಗೆದು, ಇದ್ದ ಕಡೆ ಸೇರಿಸಿದರೆ ತಪ್ಪೇನು?

ಇನ್ನೊಂದು ಮಾತು. ನಮ್ಮ ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಶಿಬಿರಗಳಲ್ಲಿ, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿವೆ. ಅರ್ಧ ಶತಮಾನ ನಮ್ಮ ಪಕ್ಕದಲ್ಲೇ ಭತ್ತ ನಾಟಿ ಮಾಡಿದ್ದಾರೆ, ನಮ್ಮ ಸಂತೆಯಲ್ಲೇ ಕೂತು ಮೀನು ಮಾರಿದ್ದಾರೆ, ಅವರ ಮಕ್ಕಳು ನಮ್ಮ ಮಕ್ಕಳ ಜೊತೆ ಕನ್ನಡ ಶಾಲೆಯಲ್ಲಿ ಕಲಿತಿದ್ದಾರೆ. ಅವರಲ್ಲಿ ಕೆಲವರ ಪೌರತ್ವದ ಕಾಗದಪತ್ರ ದಶಕಗಳ ತನಕ ಇತ್ಯರ್ಥವಾಗದೆ ಉಳಿದಿತ್ತು. ನಾಗರಿಕರಿಗೆ ಮಾತ್ರ ಮತ ಎನ್ನುವ ನಿಯಮ ಸರಿಯೇ. ಆದರೆ ಯಾರು ನಾಗರಿಕರು ಎನ್ನುವ ಪ್ರಶ್ನೆಯನ್ನು ಐವತ್ತು ವರ್ಷ ಎಳೆದರೆ ಆ ನಿಯಮ ಅನ್ಯಾಯವಾಗಿ ಬಿಡುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉತ್ತರ: ಕುಷ್ಟಗಿ ಮಾಸ್ತರ

ರೈತರ ಮೊದಲ ಮಾತಿಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ಮತಗಟ್ಟೆಗೆ ಹೋಗುವಾಗ ನಮ್ಮ ಕೈಗೆ ಗೈರು, ಸ್ಥಳಾಂತರ, ಮರಣ ಎಂದು ಗುರುತಿಸಿದವರ ಎ.ಎಸ್.ಡಿ. ಪಟ್ಟಿಯನ್ನೂ ಕೊಡುತ್ತಾರೆ. ಆ ಪಟ್ಟಿಯಲ್ಲಿ ಹೆಸರಿದ್ದವರು ಬಂದರೆ ಅಧ್ಯಕ್ಷಾಧಿಕಾರಿಯೇ ಗುರುತಿನ ಚೀಟಿ ನೋಡಿ, ಸಹಿಯ ಜೊತೆ ಹೆಬ್ಬೆಟ್ಟನ್ನೂ ತೆಗೆದುಕೊಂಡು ಬಿಡಬೇಕು. ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ಹಾಕುವುದನ್ನು ತಡೆಯಲು ಪಟ್ಟಿಯಿಂದ ಹೆಸರು ಕೀಳಬೇಕಾಗಿಲ್ಲ. ಎಲ್ಲ ಪಕ್ಷದ ಏಜೆಂಟರೂ ಎಚ್ಚರವಾಗಿದ್ದು, ಸಿಬ್ಬಂದಿ ಹೆದರದೆ ಕೆಲಸ ಮಾಡಿದರೆ ಸಾಕು. ಎಲ್ಲರೂ ಒಟ್ಟಾಗಿ ಕಣ್ಣು ಮುಚ್ಚಿದ ಊರುಗಳಲ್ಲೇ ಅದು ನಡೆಯುವುದು.

ಉತ್ತರ: ಬಳ್ಳಾರಿ ಕೋಟೆಯ ಕೆಳಗಿನ ವಕೀಲ

1950ರ ಕಾಯ್ದೆಯ 20ನೇ ಕಲಂ "ಸಾಮಾನ್ಯ ನಿವಾಸಿ" ಎಂಬ ಮಾತನ್ನು ಬಿಡಿಸಿ ಹೇಳುತ್ತದೆ. ಊರಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿಯ ಸಾಮಾನ್ಯ ನಿವಾಸಿ ಆಗುವುದಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಆ ಸ್ಥಾನ ಕಳೆದುಕೊಳ್ಳುವುದೂ ಇಲ್ಲ. ಗುಳೆ ಹೋದವರು ಹಬ್ಬಕ್ಕೆ, ಜಾತ್ರೆಗೆ, ಮುಂಗಾರಿನ ಬಿತ್ತನೆಗೆ ಮರಳಿ ಬರುತ್ತಾರೆ, ಅವರ ಪಡಿತರ ಚೀಟಿ, ಮುದುಕ ತಂದೆತಾಯಿ ಎಲ್ಲ ಇಲ್ಲೇ ಇರುತ್ತಾರೆ. ಅವರದು ತಾತ್ಕಾಲಿಕ ಗೈರು. ಬೆಂಗಳೂರಿನ ಶೆಡ್ಡಿನ ವಿಳಾಸಕ್ಕೆ ಯಾವ ಮಾಲೀಕ ಕಾಗದ ಬರೆದು ಕೊಡುತ್ತಾನೆ? ಕಟ್ಟಡ ಮುಗಿದರೆ ಶೆಡ್ಡೂ ಹೋಗುತ್ತದೆ. ಇಲ್ಲಿ ತೆಗೆದು ಅಲ್ಲಿ ಸೇರಿಸೋಣ ಎನ್ನುವುದು ಬಾಯಲ್ಲಿ ಸುಲಭ, ನಡೆಯುವುದು ಇಲ್ಲಿ ತೆಗೆಯುವುದು ಮಾತ್ರ. ವಾಸವಿಲ್ಲವೆಂದು ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಗೆ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು 22ನೇ ಕಲಂ ಹೇಳುತ್ತದೆ. ಊರಲ್ಲಿ ಇಲ್ಲದವರ ಬಾಗಿಲಿಗೆ ನೋಟಿಸು ಅಂಟಿಸಿದರೆ ಅದು ಅವಕಾಶ ಕೊಟ್ಟಂತೆ ಆಗುವುದಿಲ್ಲ.

ಕೆಲಸದ ಸ್ಥಳದಿಂದಲೇ ತಮ್ಮ ಊರಿನ ಕ್ಷೇತ್ರಕ್ಕೆ ಮತ ಹಾಕುವ ದೂರ ಮತಯಂತ್ರವನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಸ್ತಾಪಿಸಿತ್ತು. ಒಂದು ಯಂತ್ರದಲ್ಲಿ 72 ಕ್ಷೇತ್ರಗಳನ್ನು ನಿಭಾಯಿಸುವ ಯೋಜನೆ ಅದು. ಪಕ್ಷಗಳ ಆಕ್ಷೇಪಗಳ ನಡುವೆ ಅದು ಮುಂದೆ ಸಾಗಲಿಲ್ಲ. ನನಗೂ ಯಂತ್ರದ ಬಗ್ಗೆ ಸಂದೇಹಗಳಿವೆ, ಆದರೆ ಗುಳೆ ಹೋದವರ ಮತವನ್ನು ಲೆಕ್ಕಕ್ಕೆ ಹಿಡಿದ ಯೋಚನೆ ಎಂಬ ಕಾರಣಕ್ಕೆ ಅದರ ಬಗ್ಗೆ ಗೌರವವಿದೆ. ಅಲ್ಲಿಯ ತನಕ, 1951ರ ಕಾಯ್ದೆಯ 135ಬಿ ಕಲಂ ದಿನಗೂಲಿಯವರಿಗೂ ಮತದಾನದ ದಿನ ವೇತನಸಹಿತ ರಜೆ ಕೊಡಬೇಕೆನ್ನುತ್ತದೆ ಎಂಬುದನ್ನು ಮೇಸ್ತ್ರಿಗಳಿಗೂ ಗುತ್ತಿಗೆದಾರರಿಗೂ ತಿಳಿಸುವ ಕೆಲಸ ನಮ್ಮದು.

ಉತ್ತರ: ತಾಯಿಯ ಹೆಸರಿನವಳು

ಮಾಸ್ತರರಿಗೂ ವಕೀಲರಿಗೂ ನಮಸ್ಕಾರ. ಮಾನ್ವಿಯ ತಮ್ಮನಿಗೆ ಒಂದು ಮಾತು ಹೇಳಬೇಕೆಂದು ಬರೆಯುತ್ತಿದ್ದೇನೆ.

ನಾನು ಕೊಪ್ಪಳ ಜಿಲ್ಲೆಯವಳು. ನನ್ನ ತಾಯಿಯನ್ನು ಚಿಕ್ಕವಳಿದ್ದಾಗಲೇ ಮುತ್ತು ಕಟ್ಟಿ ದೇವದಾಸಿಯನ್ನಾಗಿ ಮಾಡಿದ್ದರು. 1982ರಲ್ಲಿ ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂತು, ಆದರೆ ಅಷ್ಟರಲ್ಲಿ ಆಕೆಯ ಬದುಕು ಹಾಗೆಯೇ ಗೊತ್ತಾಗಿ ಹೋಗಿತ್ತು. ನನಗೆ ಹದಿನೆಂಟು ತುಂಬಿದ ವರ್ಷ ಓಟರ್ ಐಡಿ ಮಾಡಿಸಲು ನಮೂನೆ 6 ತುಂಬಿಕೊಂಡು ಹೋದೆ. ಸಂಬಂಧಿಯ ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಬರೆದಿದ್ದೆ. ಅರ್ಜಿ ತೆಗೆದುಕೊಳ್ಳುವವರು ಅದನ್ನು ನೋಡಿ, ಹೆಸರಿನ ಕೆಳಗೆ ಬೆರಳಿಟ್ಟು, "ತಂದಿ ಹೆಸರ ಎಲ್ಲಿ?" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೇಳಿದರು. ಇಲ್ಲ ಎಂದೆ. ತುಂಬಿಸಿಕೊಂಡು ಬಾ ಎಂದು ಹಾಳೆಯನ್ನು ಮೇಜಿನ ಆಚೆಯಿಂದ ನೂಕಿದರು. ಹಾಳೆ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಂಡು ಹೊರಗೆ ಬಂದೆ. ಎರಡು ಚುನಾವಣೆ ಹಾಗೆಯೇ ಕಳೆದವು. ಆ ನಮೂನೆಯಲ್ಲಿ ತಾಯಿಯ ಹೆಸರು ಬರೆಯಲು ಅವಕಾಶವಿತ್ತು ಎಂದು ನನಗೆ ಆಮೇಲೆ ತಿಳಿಯಿತು. ನಮ್ಮ ಓಣಿಯ ಅಂಗನವಾಡಿ ಅಕ್ಕ ಬಿ.ಎಲ್.ಓ. (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಬಂದಾಗ, ಏನೂ ಕೇಳದೆ ತಾಯಿ ಎನ್ನುವ ಕಡೆ ಗುರುತು ಹಾಕಿ, ನನ್ನ ಅವ್ವನ ಹೆಸರನ್ನು ದುಂಡಗೆ ಬರೆದು ತೆಗೆದುಕೊಂಡು ಹೋದರು. ಅವತ್ತು ನನ್ನ ಅವ್ವ ಆಕೆಗೆ ಚಹಾ ಮಾಡಿ ಕೊಟ್ಟು, ಆಕೆ ಹೋದ ಮೇಲೆ ಒಲೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

ತಮ್ಮಾ, ನಾನು ಬಿ.ಎ. ಓದಿದವಳು. ನಿಮ್ಮ ಪರೀಕ್ಷೆಯಲ್ಲಿ ನಾನು ಪಾಸಾಗುತ್ತಿದ್ದೆ. ಆದರೂ ನಾನು ಎರಡು ಸಲ ಹೊರಗುಳಿದೆ. 1951–52ರ ಮೊದಲ ಚುನಾವಣೆಯಲ್ಲಿ ಉತ್ತರದ ರಾಜ್ಯಗಳ ಸುಮಾರು 28 ಲಕ್ಷ ಹೆಂಗಸರ ಹೆಸರುಗಳು ಪಟ್ಟಿಯಲ್ಲಿ ಸೇರಲಿಲ್ಲವಂತೆ. ಅವರು ತಮ್ಮ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಅವರಿಗೆ ತಮ್ಮ ಹೆಸರು ಹೇಳಲು ಬಿಡದ ಸಮಾಜ, ನನಗೆ ಅವ್ವನ ಹೆಸರು ಬರೆಯಲು ಬಿಡದ ಮೇಜು, ಇವೆರಡೂ ಒಂದೇ ಎಂದು ನನಗೆ ಅನ್ನಿಸುತ್ತದೆ. ಯಲ್ಲಮ್ಮನ ಸೇವೆಗೆ ನಿಂತ, ಲಿಂಗತ್ವ ಅಲ್ಪಸಂಖ್ಯಾತರಾದ ನಮ್ಮ ಕಡೆಯ ಜೋಗಪ್ಪಗಳಿಗೂ ಹೀಗೆಯೇ. 2009ರ ತನಕ ಅವರು ಗಂಡು ಎಂದೋ ಹೆಣ್ಣು ಎಂದೋ ಬರೆಸಲೇಬೇಕಿತ್ತು, ಇತರೆ ಎನ್ನುವ ಜಾಗ ಬಂದದ್ದು ಆ ವರ್ಷ. ಹಕ್ಕು ಸಂವಿಧಾನದಲ್ಲಿ 1950ರಿಂದಲೇ ಇದೆ, ಆದರೆ ಅದು ನಮ್ಮ ಮನೆಯ ಹೊಸ್ತಿಲು ದಾಟಿದ್ದು ಒಂದು ನಮೂನೆಯ ಒಂದು ಖಾನೆಯ ಮೂಲಕ. ಇನ್ನೊಂದು ಖಾನೆಯನ್ನು, ಎಷ್ಟನೇ ತರಗತಿ ಎಂದು ಕೇಳುವ ಖಾನೆಯನ್ನು, ದಯವಿಟ್ಟು ಸೇರಿಸಬೇಡಿ.

ಉತ್ತರ: ಮಾನ್ವಿಯ ಪದವೀಧರ

ಅಕ್ಕಾವರೇ, ನಿಮ್ಮ ಬರಹ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಮಾಸ್ತರರೇ, ವಕೀಲರೇ, ನಿಮಗೂ ಕೃತಜ್ಞನಾಗಿದ್ದೇನೆ. ಪರೀಕ್ಷೆಯ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದುಡ್ಡಿನ ಬಗ್ಗೆ ಇದ್ದ ಸಂಕಟ ಹಾಗೆಯೇ ಇದೆ, ಅದು ಹೋಗಬಾರದು ಎಂದೂ ಈಗ ಅನ್ನಿಸುತ್ತಿದೆ.

ನಿನ್ನೆ ಊರಿಗೆ ಹೋಗಿದ್ದೆ. ಅಜ್ಜಿಯನ್ನು ನೇರವಾಗಿ ಕೇಳಿದೆ, ಆ ದುಡ್ಡು ಕೊಟ್ಟವರಿಗೇ ಮತ ಹಾಕಿದೆಯಾ ಎಂದು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ, "ಅದನ್ನ ಕೇಳಬಾರದೋ ಯಪ್ಪಾ, ಒಳಗ ಹಾಕಿದ್ದು ಹೊರಗ ಹೇಳಬಾರದು" ಎಂದಳು. ಮತ್ತೆ ಕೇಳಲು ನನಗೆ ಧೈರ್ಯವಾಗಲಿಲ್ಲ.

ಒಂದು ಸಹಾಯ ಬೇಕು. ನಮ್ಮ ಓಣಿಯಲ್ಲಿ ಗುಳೆ ಹೋದ ಎರಡು ಮನೆಗಳ ಹೆಸರುಗಳನ್ನು ಪಟ್ಟಿಯಿಂದ ತೆಗೆದಿದ್ದಾರೆ ಎಂದು ಅಪ್ಪ ಹೇಳಿದರು. ಅವರು ಅಮಾವಾಸ್ಯೆಗೆ ಬರುವವರಿದ್ದಾರೆ. ಹೊಸದಾಗಿ ನಮೂನೆ 6 ಕೊಡಬೇಕೇ, ಅಥವಾ ತೆಗೆದದ್ದರ ಮೇಲೆ ಮೇಲ್ಮನವಿ ಮಾಡಬೇಕೇ?

ಉತ್ತರ: ಬಳ್ಳಾರಿ ಕೋಟೆಯ ಕೆಳಗಿನ ವಕೀಲ

ಎರಡೂ ದಾರಿ ಇವೆ. ಹೆಸರು ತೆಗೆದ ಆದೇಶದ ಮೇಲೆ 1950ರ ಕಾಯ್ದೆಯ 24ನೇ ಕಲಂ ಅಡಿಯಲ್ಲಿ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು, ಆದರೆ ಅದಕ್ಕೆ ಅವಧಿಯ ಮಿತಿಯಿದೆ. ಬೇಗ ಆಗುವುದು ಹೊಸ ನಮೂನೆ 6. ವಿಳಾಸದ ದಾಖಲೆ, ಫೋಟೋ ಇರಲಿ, ಹಳೆಯ ಗುರುತಿನ ಚೀಟಿಯ ಸಂಖ್ಯೆ ಸಿಕ್ಕರೆ ಅದೂ ಇರಲಿ. ಅವರು ಊರಲ್ಲಿ ಇರುವ ದಿನಗಳನ್ನು ಮೊದಲೇ ಬಿ.ಎಲ್.ಓ.ಗೆ ತಿಳಿಸಿ, ಪರಿಶೀಲನೆಗೆ ಬಂದಾಗ ಮನೆಯಲ್ಲಿ ಜನ ಇರುವಂತೆ ನೋಡಿಕೊಳ್ಳಿ. ಆ ಮನೆಗಳಲ್ಲಿ ಹದಿನೆಂಟು ತುಂಬುವ ಮಕ್ಕಳಿದ್ದರೆ ಅವರ ಅರ್ಜಿಯನ್ನೂ ಜೊತೆಗೇ ಕೊಡಿಸಿ. 2021ರ ತಿದ್ದುಪಡಿಯ ನಂತರ ಜನವರಿ 1 ಒಂದೇ ಅಲ್ಲ, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಹದಿನೆಂಟು ತುಂಬಿತೇ ಎಂದು ನೋಡುವ ಅರ್ಹತಾ ದಿನಾಂಕಗಳೇ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯದೆ ಬರಬೇಡಿ.